ಆ ಮಧ್ಯಾಹ್ನದ ಪುಟಗಳು

“ಹೆಂಗಸರಿಗೆ” ಎಂದುಬಿಟ್ಟಿದ್ದ ಅಣ್ಣ. ಬಸ್ಸಿನ ಕಿಟಕಿಯ ಪಕ್ಕ ಕೂತವಳಿಗೆ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ಬೇಡವೆಂದರೂ ನಾಲಗೆಗೆ ತಾಗುತ್ತಿತ್ತು. ಬೆಳಗ್ಗೆ, ಅಣ್ಣನ ಜೊತೆ ಒಂದೇ ಕಾಲೇಜಿನಲ್ಲಿ ಸಾಹಿತ್ಯದ ಪಾಠ ಹೇಳಿ ನಿವೃತ್ತರಾದವರೊಬ್ಬರು ಮನೆಗೆ ಬಂದಿದ್ದರು. ಅವಳು ನೀರು ತಂದಿಟ್ಟಾಗ ಅಣ್ಣ, “ನನ್ನ ತಂಗಿ. ಏನೋ ಬರೀತಾಳೆ” ಎಂದ. ಬಂದವರು ಸಭ್ಯರು. ಲೋಟ ಕೆಳಗಿಟ್ಟು, “ಹೌದಾ? ಏನು ಬರೀತೀರಮ್ಮಾ?” ಎಂದು ಅವಳ ಮುಖ ನೋಡಿಯೇ ಕೇಳಿದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಅಣ್ಣನ ಉತ್ತರ ಬಂದಾಗಿತ್ತು. ಏನು ಎಂದು ಕೇಳಿದ್ದಕ್ಕೆ ಯಾರಿಗೆ ಎಂದು ಹೇಳಿದ್ದ. ಅಷ್ಟರಲ್ಲೇ ಎಲ್ಲ ಮುಗಿದುಹೋಯಿತು. ಬಂದವರು “ಓಹೋ” ಎಂದು ತಲೆಯಾಡಿಸಿದರು, ಯಾರದೋ ಮನೆಯ ಮಗುವಿಗೆ ಜ್ವರವಂತೆ ಎಂಬುದನ್ನು ಕೇಳಿಸಿಕೊಂಡವರ ಹಾಗೆ. ಅವಳ ಕಾದಂಬರಿಯ ನಾಯಕಿಯಾಗಿದ್ದರೆ ತಕ್ಕ ಮಾತು ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಇಷ್ಟು ವರ್ಷ ಆ ಹುಡುಗಿಯರಿಗೆಲ್ಲ ಮಾತು ಹಂಚಿ ಹಂಚಿ ತನ್ನ ಪಾಲಿಗೆ ಒಂದೂ ಉಳಿಯಲಿಲ್ಲವೋ ಏನೋ. ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೊರಟಳು. ಬಾಗಿಲಿನ ಚಿಲಕಕ್ಕೆ ಬಟ್ಟೆಯ ಅಂಚು ಸಿಕ್ಕಿತು. ಅದನ್ನು ಬಿಡಿಸಿಕೊಳ್ಳುವಷ್ಟು ಹೊತ್ತೂ ಗಂಡಸರಿಬ್ಬರೂ ಸುಮ್ಮನೆ ಕಾದರು. ಆ ಕಾಯುವಿಕೆಯೇ ಹೆಚ್ಚು ಚುಚ್ಚಿತು.

ಅಡುಗೆಮನೆಯಲ್ಲಿ ಅತ್ತಿಗೆ ಈರುಳ್ಳಿ ಹೆಚ್ಚುತ್ತಿದ್ದರು. “ಕೇಳಿಸ್ತು” ಎಂದರು ತಲೆಯೆತ್ತದೆ. “ಹೆಂಗಸರಿಗಂತೆ. ಇವರ ಪಾಠ ಯಾರಿಗಿತ್ತೋ? ಕಿಟಕಿಯಾಚೆ ನೋಡ್ತಾ ಕೂರೋ ಹುಡುಗರಿಗೆ. ನಿನ್ನದನ್ನ ಹೆಂಗಸರು ಕಾಸು ಕೊಟ್ಟು ಓದ್ತಾರಮ್ಮ, ಹಾಜರಿ ಕೂಗಿ ಓದಲ್ಲ.” ಅತ್ತಿಗೆ ಅವಳ ಎಲ್ಲ ಕಾದಂಬರಿಗಳನ್ನೂ ಊಟವಾದ ಮೇಲೆ ಹಜಾರದ ನಡುವೆಯೇ ಕಾಲು ಚಾಚಿ ಓದುತ್ತಿದ್ದರು, ಓದಿ ಬಯ್ಯುತ್ತಿದ್ದರು. “ನಿನ್ನ ಗಂಡಸರೆಲ್ಲ ಯಾಕೆ ಅಷ್ಟೊಂದು ಎತ್ತರ? ಕುಳ್ಳರಿಗೇನು ಪ್ರೀತಿ ಬರಲ್ವಾ? ನಿಮ್ಮಣ್ಣನ್ನೇ ನೋಡು, ಸ್ಟೂಲು ಹಾಕ್ಕೊಂಡು ಪ್ರೀತಿ ಮಾಡಿದೋರು.” ಅವಳಿಗೆ ನಗು ಬಂತು. ಕುಳ್ಳರಿಗೆ ಪ್ರೀತಿ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವಳ ಪುಸ್ತಕಗಳನ್ನು ಹೊಲಿದು ಕಟ್ಟುತ್ತಿದ್ದ ಬೈಂಡರು ಅವಳ ಭುಜಕ್ಕೆ ಬರುತ್ತಿದ್ದರು. ಆದರೂ ಅವಳ ಕೈ ಪೆನ್ನು ಹಿಡಿದೊಡನೆ ನಾಯಕ ಬಾಗಿಲ ಪಟ್ಟಿಗೆ ತಲೆ ತಾಗುವಷ್ಟು ಎತ್ತರ ಬೆಳೆದುಬಿಡುತ್ತಿದ್ದ.

ಅತಿಥಿ ಹೋದ ಮೇಲೆ ಅಣ್ಣ ಅವಳ ಕೋಣೆಯ ಬಾಗಿಲಲ್ಲಿ ನಿಂತ. ಆ ಕೋಣೆಗೆ ಅವನು ಬರುವುದೇ ಅಪರೂಪ. ಕಿಟಕಿಯ ಕಟ್ಟೆಯ ಮೇಲೆ ಹಿಡಿ ಮುರಿದ ಕಪ್ಪುಗಳಲ್ಲಿ ಅವಳು ಬೆಳೆಸಿದ ಪುಟ್ಟ ಪುಟ್ಟ ಕಳ್ಳಿಗಿಡಗಳಿದ್ದವು. ಮನೆಯಲ್ಲಿ ಕಪ್ಪು ಒಡೆದ ಸದ್ದಾದರೆ ಅತ್ತಿಗೆ, “ಬಾರೇ, ನಿನಗೊಂದು ಸೈಟು ಸಿಕ್ತು” ಎಂದು ಕೂಗುತ್ತಿದ್ದರು. ಅಣ್ಣ ಗಿಡಗಳ ಕಡೆ ನೋಡಲಿಲ್ಲ. ಅವನ ಕೈಯಲ್ಲಿ ಅವಳ ಹೊಸ ಕಾದಂಬರಿಯ ಪ್ರೂಫಿನ ಕೆಲವು ಹಾಳೆಗಳಿದ್ದವು. ಊಟದ ಮೇಜಿನ ಮೇಲೆ ಅವಳೇ ಬಿಟ್ಟಿದ್ದ ಕಟ್ಟಿನಿಂದ ತೆಗೆದದ್ದು. ತಂಗಿಯ ಪುಸ್ತಕವೊಂದನ್ನು ಅವನು ಓದಿದ್ದು ಇದೇ ಮೊದಲು, ಅದೂ ಆರೇ ಪುಟ.

“ಇದು ಬೇಡ” ಎಂದ.

“ಯಾವುದು?”

“ಈ ಮಧ್ಯಾಹ್ನದ್ದು. ಐವತ್ತೈದು ವರ್ಷದ ಹೆಂಗಸು. ಯಾರೋ ಬಂದು ಹೋಗ್ತಾನೆ. ಹೋದಮೇಲೆ ಇವಳು ಗೋಡೆಗೆ ಕಾಲು ಕೊಟ್ಟು ಮಲಗಿ ಕಿತ್ತಳೆ ಹಣ್ಣು ತಿಂತಾಳೆ. ಇದೇನೇ ಇದು?”

“ಅಷ್ಟೇ ಅದು.”

“ಅದೇ ಅಸಹ್ಯ. ಏನೂ ಆಗಲ್ಲ ಅವಳಿಗೆ. ಒಂದು ಸಾರಿನಾದ್ರೂ ಅಳಬೇಕಲ್ವಾ?” ಅಣ್ಣನ ದನಿಯಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು. ಹಾಳೆಗಳನ್ನು ಮಂಚದ ಮೇಲಿಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡು, ಗೋಡೆಯತ್ತ ತಿರುಗಿ ಹೇಳಿದ: “ಗುರುವಾರ ಗುರುವಾರ ನೀನೆಲ್ಲಿಗೆ ಹೋಗ್ತೀಯ ಅಂತ ನಾನು ಯಾವತ್ತಾದ್ರೂ ಕೇಳಿದೀನಾ?”

ಕೇಳಿರಲಿಲ್ಲ. ಅದು ಅವನ ದೊಡ್ಡತನ ಎಂದು ಅವಳು ಇಷ್ಟು ವರ್ಷ ತಿಳಿದಿದ್ದಳು. ಇವತ್ತು ಅದಕ್ಕೂ ಒಂದು ಬೆಲೆ ಇತ್ತು, ಅದನ್ನು ವಸೂಲಿ ಮಾಡಲು ಅಣ್ಣ ಬಂದಿದ್ದಾನೆ ಎಂದು ತಿಳಿಯಿತು. ಮಧ್ಯಾಹ್ನದ ಹೊತ್ತಿಗೆ, ಅವಳು ಮೊದಲಿಂದ ಪ್ರೂಫು ನೋಡುತ್ತಿದ್ದ, ಅವಳ ಕಾದಂಬರಿಗಳನ್ನೂ ಅಚ್ಚು ಹಾಕುವ ಪ್ರೆಸ್ಸಿನಿಂದ ಚಿಕ್ಕ ಯಜಮಾನನ ಫೋನು ಬಂತು. “ಪ್ರೂಫಕ್ಕ, ಒಂಚೂರು ಬಂದು ಹೋಗ್ತೀರಾ? ಪುಟದ್ದು ತೊಂದರೆ ಆಗಿದೆ.”

ಬಸ್ಸು ಆಸ್ಪತ್ರೆಯ ಮುಂದೆ ನಿಂತಿತು. ಇಳಿಯುವವರ ಬೆನ್ನುಗಳ ನಡುವೆ ಬಿಳಿ ಗೋಡೆಯ ತುಂಡೊಂದು ಕಂಡಿತು. ಹೋದ ವರ್ಷ ಅಲ್ಲೇ ಒಳಗೆ ಒಬ್ಬ ನರ್ಸು ರಕ್ತ ತೆಗೆಯಲು ಅವಳ ತೋಳಿಗೆ ರಬ್ಬರು ಪಟ್ಟಿ ಕಟ್ಟುತ್ತ ಚೀಟಿಯ ಮೇಲಿನ ಹೆಸರು ಓದಿ, “ಕಾದಂಬರಿ ಬರೆಯೋರು ನೀವೇನಾ?” ಎಂದು ಕೇಳಿದ್ದಳು. ಅವಳಿಗೆ ಸಂತೋಷವಾಗಿ, ಹೌದೆಂದು, ಸ್ವಲ್ಪ ನೆಟ್ಟಗೆ ಕೂತಳು. “ಮುಷ್ಟಿ ಬಿಗಿ ಹಿಡೀರಿ” ಎಂದಳು ನರ್ಸು. ಸೂಜಿ ಒಳಗೆ ಹೋಯಿತು. “ಹುಡುಗಿಯಾಗಿದ್ದಾಗ ನಿಮ್ಮದು ಎಲ್ಲಾ ಓದಿದೀನಿ. ಕೊನೇಲಿ ಬಂದೇ ಬರ್ತಾನಲ್ಲ, ಎಷ್ಟು ತಡ ಆದ್ರೂ. ನಾನೂ ಕಾದೆ.” ಶೀಶೆಯಲ್ಲಿ ರಕ್ತ ಏರುತ್ತಿತ್ತು. “ಬರ್ಲಿಲ್ಲ ಬಿಡಿ” ಎಂದು ನಕ್ಕು ಹತ್ತಿ ಒತ್ತಿದಳು. ದೂರಿರಲಿಲ್ಲ, ಕಹಿಯೂ ಇರಲಿಲ್ಲ. ಬಸ್ಸು ತಪ್ಪಿದ ವಿಷಯ ಹೇಳುವವರ ದನಿ. “ಮುಂದಿನವರು ಬನ್ನಿ.” ಅವಳು ಹತ್ತಿ ಒತ್ತಿಕೊಂಡು ಹೊರಗಿನ ಬೆಂಚಿನಲ್ಲಿ ರಕ್ತ ನಿಂತ ಮೇಲೂ ಬಹಳ ಹೊತ್ತು ಕೂತಿದ್ದಳು. ಎಷ್ಟು ಜನ ಕಾದಿರಬಹುದು? ತಾನು ಕಾಯಲಿಲ್ಲವಲ್ಲ. ತನ್ನನ್ನು ಕೇಳಿದವರಿಗೆ ತಾನೇ ಬೇಡವೆಂದಿದ್ದಳಲ್ಲ. ತನಗೆ ಬೇಡವಾದದ್ದನ್ನು ಊರಿಗೆಲ್ಲ ಹೊಳೆಯುವ ಕಾಗದದಲ್ಲಿ ಸುತ್ತಿ ಕೊಟ್ಟಿದ್ದಳು. ಆ ಬೆಂಚಿನ ಮೇಲೆಯೇ ಹೊಸ ಕಾದಂಬರಿಯ ಆ ಮಧ್ಯಾಹ್ನ ಅವಳಿಗೆ ಸಿಕ್ಕಿದ್ದು. ಯಾರೂ ಬರಬೇಕಾಗಿಲ್ಲದ, ಬಂದು ಹೋದವನು ಹೋದದ್ದಕ್ಕೆ ನೋವಿಲ್ಲದ ಒಂದು ಹೊತ್ತು. ಇಷ್ಟು ವರ್ಷ ಬರೆದ ಪುಟಗಳಲ್ಲಿ ತಾನು ಕಂಡದ್ದೆಂದು ಆಣೆ ಮಾಡಿ ಹೇಳಬಹುದಾದದ್ದು ಆ ಆರು ಪುಟ ಮಾತ್ರ.

ಮದುವೆಯ ಮಾತನ್ನು ಬೈಂಡರು ಒಂದೇ ಒಂದು ಸಲ ಎತ್ತಿದ್ದರು. ಪ್ರೆಸ್ಸಿನ ಹಿಂದಿನ ಶೆಡ್ಡಿನಲ್ಲಿ, ಉದ್ದನೆಯ ಮೇಜಿನ ಆ ಕಡೆ ಅವರು, ಈ ಕಡೆ ಪ್ರೂಫು ನೋಡುವ ಅವಳು. ಪ್ರೆಸ್ಸಿನಲ್ಲಿ ಎಲ್ಲರಿಗೂ ಅವಳು ಪ್ರೂಫಕ್ಕ. ಹಿರಿಯ ಯಜಮಾನರಿಂದ ಹಿಡಿದು ಅಚ್ಚಿನ ಮೊಳೆ ಜೋಡಿಸುವವರ ತನಕ, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಿಗೂ ಅಕ್ಕ. ಬೈಂಡರು ಮಾತ್ರ ಒಂದು ದಿನ, ಯಾರೂ ಇಲ್ಲದಾಗ, “ಪ್ರೂಫು, ಆ ಕತ್ತರಿ ಕೊಡು” ಎಂದರು. “ಅಕ್ಕ” ಬಿದ್ದುಹೋಗಿತ್ತು. ಅವಳು ಕತ್ತರಿ ಕೊಟ್ಟಳು. ಒಂದು ಪದ ಕಳಚಿಬಿದ್ದರೆ ಇಷ್ಟು ಚಳಿಯಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಹೆಂಡತಿ ತೀರಿಕೊಂಡು ಆಗಲೇ ಬಹಳ ಕಾಲವಾಗಿದ್ದ ಮನುಷ್ಯ. ಬೆರಳ ಸಂದಿಗಳಲ್ಲಿ ಸದಾ ಒಣಗಿದ ಅಂಟು. ಅವಳ ಕಾದಂಬರಿಗಳನ್ನು ಅವರು ಓದಿದ್ದು ಹಾಳೆ ಮಡಿಸುವಾಗ ಕಣ್ಣಿಗೆ ಬಿದ್ದಷ್ಟೇ. ದೊಡ್ಡ ಹಾಳೆಯಲ್ಲಿ ಒಂದನೇ ಪುಟದ ಪಕ್ಕಕ್ಕೇ ಹದಿನಾರನೆಯದು ಬಿದ್ದಿರುತ್ತದೆ, ಅರ್ಧ ಪುಟಗಳು ತಲೆಕೆಳಗು. “ನಿನ್ನ ಕತೇಲಿ ಮೊದಲು ಜಗಳ ಕಣೇ, ಆಮೇಲೆ ಪರಿಚಯ. ಜೀವನ ಹಾಗೇ ಇರೋದು, ಸರಿಯಾಗೇ ಬರೀತೀಯ” ಎನ್ನುತ್ತಿದ್ದರು. ಆ ದಿನವೂ ಹಾಳೆ ಮಡಿಸುತ್ತಲೇ, “ಮದುವೆ ಆಗೋಣ್ವಾ?” ಎಂದರು. ಅವಳು ಯೋಚಿಸುತ್ತೇನೆ ಎಂದು ಮನೆಗೆ ಬಂದು, ಆಗ ಬರೆಯುತ್ತಿದ್ದ ಕಾದಂಬರಿಯ ನಾಯಕಿಯ ಬಾಯಲ್ಲಿ ಮೂರು ಪುಟ ಹೂಂ ಎನಿಸಿದಳು. ಆದರೆ ತನಗೆ ಕಂಡದ್ದು ಎರಡು ಚಮಚಗಳು ಒಂದೇ ಲೋಟದಲ್ಲಿ ನಿಂತ ಚಿತ್ರ. ಕೋಣೆಯ ಬಾಗಿಲು ತಾನು ಹಾಕಿಕೊಂಡರೆ ಯಾಕೆ ಎಂದು ಕೇಳುವ ದನಿ. ಅವರ ದನಿಯೇ ಆದರೂ ದನಿಯೇ. ಮರುದಿನ, “ನನಗೆ ಬೇಡ ಅನ್ನಿಸ್ತಿದೆ” ಎಂದಳು. ಬೈಂಡರು ಹಾಳೆಯ ಮಡಿಕೆಯನ್ನು ಉಗುರಿನಿಂದ ಒತ್ತಿ, ಇನ್ನೊಂದು ಸಲ ಒತ್ತಿ, “ಸರಿ. ಗುರುವಾರ ಇಸ್ಪೀಟಿಗಾದ್ರೂ ಬಾ” ಎಂದರು. ಹೋದಳು. ಅಂದಿನಿಂದ ಹೋಗುತ್ತಲೇ ಇದ್ದಾಳೆ. ಅವರು ಆಟದಲ್ಲಿ ಮೋಸ ಮಾಡುತ್ತಾರೆ. ತುರುಪು ಎಲೆಯನ್ನು ತೊಡೆಯ ಕೆಳಗೆ ಬಚ್ಚಿಡುತ್ತಾರೆ. ಈಗ ಮಂಡಿ ಮಡಚಲು ಬಾರದೆ ಕಾಲು ಚಾಚಿ ಕೂರುವುದರಿಂದ ಎಲೆ ಬಚ್ಚಿಡಲೂ ಜಾಗವಿಲ್ಲ. ಹಾಗಾಗಿ ಇತ್ತೀಚೆಗೆ ಅವಳೇ ಗೆಲ್ಲುತ್ತಾಳೆ, ಗೆದ್ದಾಗಲೆಲ್ಲ ಅವಳಿಗೆ ಅಳು ಬರುವಂತಾಗುತ್ತದೆ. ಅಣ್ಣನಿಗೆ ಬೇಕಾದ ಅಳು ಅದಲ್ಲ.

ಪ್ರೆಸ್ಸಿನಲ್ಲಿ ಈಗ ಮೊಳೆಗಳಿಲ್ಲ. ಕಂಪ್ಯೂಟರಿನ ಮುಂದೆ ಡಿಟಿಪಿ ಮಾಡುವಾಕೆ, ಎರಡು ಮಕ್ಕಳ ತಾಯಿ, ಕನ್ನಡಕ ಹಣೆಗೇರಿಸಿ ಕೂತಿದ್ದಳು. ಚಿಕ್ಕ ಯಜಮಾನ ಎದ್ದು ಕುರ್ಚಿ ಎಳೆದು ಕೊಟ್ಟ. ಚಿಕ್ಕವನೇನಲ್ಲ, ಐವತ್ತು ದಾಟಿದೆ; ಚಡ್ಡಿ ಹಾಕಿಕೊಂಡು ಕಾಗದದ ರಾಶಿಯ ಮೇಲೆ ಹತ್ತಿ ಬೈಸಿಕೊಳ್ಳುತ್ತಿದ್ದ ದಿನಗಳಿಂದ ಅವಳಿಗೆ ಗೊತ್ತು. ಈಗ ಎದುರಿಗೆ “ನೀವು” ಎನ್ನುತ್ತಾಳೆ.

“ಹನ್ನೆರಡು ಫಾರಂಗೆ ಕೂರಿಸೋಣ ಅಂದ್ಕೊಂಡಿದ್ದೆ ಪ್ರೂಫಕ್ಕ. ಆರು ಪುಟ ಮೇಲೆ ಬಿದ್ದಿದೆ. ಆರು ಪುಟಕ್ಕೋಸ್ಕರ ಇನ್ನೊಂದು ಫಾರಂ ಏರಿಸೋದು... ನಿಮಗೆ ನಾನು ಹೇಳಬೇಕಾ? ಆ ಮಧ್ಯಾಹ್ನದ ಅಧ್ಯಾಯ ಇದೆ ನೋಡಿ, ಸರಿಯಾಗಿ ಆರು ಪುಟ. ಅದು ತೆಗೆದ್ರೆ ಕತೆಗೇನೂ ಧಕ್ಕೆ ಇಲ್ಲ. ಅಲ್ಲಿ ಏನೂ ನಡೆಯೋದೇ ಇಲ್ಲವಲ್ಲ.”

ಒಂದು ದೊಡ್ಡ ಹಾಳೆ ಮಡಿಸಿದರೆ ಹದಿನಾರು ಪುಟ; ಅದು ಒಂದು ಫಾರಂ. ಈ ಲೆಕ್ಕ ಅವಳಿಗೆ ಈ ಮನುಷ್ಯನ ಅಪ್ಪನಿಂದ ಬಂದದ್ದು, ಅವಳು ಲೇಖಕಿಯಾದದ್ದೂ ಈ ಲೆಕ್ಕದಿಂದಲೇ. ಆಗ ಅವಳಿಗೆ ಇಪ್ಪತ್ತೆರಡೋ ಮೂರೋ. ಹೆಸರಾಂತ ಕಾದಂಬರಿಕಾರರೊಬ್ಬರ ಪುಸ್ತಕ ಅಚ್ಚಿಗೆ ಹೋಗುವ ಹೊತ್ತಿಗೆ ಕೊನೆಯ ಫಾರಂ ಅರ್ಧ ಖಾಲಿ ಬಿದ್ದಿತ್ತು, ಬರೆದವರು ಬೇರೆ ಊರಿನಲ್ಲಿದ್ದರು. ಹಿರಿಯ ಯಜಮಾನರು ಕನ್ನಡಕದ ಮೇಲಿಂದ ನೋಡಿ, “ಇವರದೆಲ್ಲ ತಿದ್ದಿ ತಿದ್ದಿ ನಿನಗೆ ಇವರ ಕೈ ಬಂದಿರಬೇಕಲ್ಲಮ್ಮ, ಏನಾದ್ರೂ ತುಂಬು. ಒಂದು ಮದುವೆ ಮಾಡಿಸು, ಪುಟ ತಾನಾಗೇ ಓಡುತ್ತೆ” ಎಂದರು. ಅವಳು ಪೇಪರಿನ ಬಂಡಲಿನ ಮೇಲೆ ಕೂತು ಒಂದು ಮದುವೆ ಮಾಡಿಸಿದಳು. ಪುಸ್ತಕ ಬಂತು, ಮಾರಾಟವಾಯಿತು. ಬರೆದವರಿಗೇ ಗೊತ್ತಾಗಲಿಲ್ಲ. ತಾವೇ ಬರೆದು ಮರೆತೆವೆಂದುಕೊಂಡರೋ, ಮದುವೆಗಳೆಲ್ಲ ಒಂದೇ ಎಂದು ಸುಮ್ಮನಾದರೋ. ಆಮೇಲೆ ಮೂರು ನಾಲ್ಕು ಜನರ ಕೊನೆಗಳನ್ನು ತುಂಬಿದಳು. ಒಂದು ದಿನ ಯಜಮಾನರು, “ಕೊನೆ ಮಾತ್ರ ಯಾಕೆ, ಮೊದಲಿಂದ್ಲೇ ಬರಿ” ಎಂದರು. ಕೊನೆಯಿಂದ ಹಿಂದಕ್ಕೆ ನಡೆದು ಬಂದವಳು ತಾನು; ಮದುವೆ ಗೊತ್ತಿತ್ತು, ಅದಕ್ಕೆ ಮುಂಚಿನದನ್ನು ಕಲ್ಪಿಸಿಕೊಳ್ಳಬೇಕಾಯಿತು.

“ಕೊನೇ ಪುಟದ ಸಂಖ್ಯೆ ಎಷ್ಟು?” ಎಂದು ಡಿಟಿಪಿಯಾಕೆಯನ್ನು ಕೇಳಿದಳು.

“ನೂರ ತೊಂಬತ್ತೆರಡು ಅಕ್ಕ.”

“ಮೊದಲನೇ ಅಧ್ಯಾಯ ಶುರುವಾಗೋದು?”

“ಏಳರಿಂದ.”

ಚಿಕ್ಕ ಯಜಮಾನ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡತೊಡಗಿದ. ಅವಳಿಗೆ ನಗು ಬಂತು. “ಹೆಸರಿನ ಪುಟ, ಅರ್ಪಣೆ, ಆ ಆರೂ ಆಗಲೇ ಸೇರಿ ಎಣಿಕೆಯಾಗಿದೆ. ನೂರ ತೊಂಬತ್ತೆರಡು ಅಂದ್ರೆ ಹನ್ನೆರಡು ಫಾರಂ, ಒಂದು ಪುಟ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಸುಳ್ಳು ಹೇಳೋದಾದ್ರೆ ಕಾಗದ ಸಿಗ್ತಿಲ್ಲ ಅನ್ನಬೇಕಿತ್ತು. ಫಾರಂ ಲೆಕ್ಕದಲ್ಲಿ ನನಗೆ ಸುಳ್ಳು ಹೇಳೋಕೆ ಬಂದ್ಯಲ್ಲೋ, ನಿನ್ನ ಕೈ ಹಿಡಿದು ಮಡಿಸೋದು ಕಲಿಸಿದ್ದು ಯಾರು?”

“ನೀವು” ಎಲ್ಲೋ ಉದುರಿಹೋಗಿತ್ತು. ಅವನ ಕಿವಿ ಕೆಂಪಗಾಯಿತು, ಚಡ್ಡಿ ಹಾಕಿದ್ದಾಗ ಆಗುತ್ತಿದ್ದ ಹಾಗೆಯೇ. ಡಿಟಿಪಿಯಾಕೆ ಕನ್ನಡಕ ಕೆಳಗಿಳಿಸಿ ಪರದೆಯನ್ನೇ ನೋಡುತ್ತ ತುಟಿ ಕಚ್ಚಿದಳು.

“ಅಣ್ಣ ಫೋನು ಮಾಡಿದ್ದನಾ?”

“ಮಾಡಿದ್ರು” ಎಂದ ಅವನು. “ನಿಮ್ಮ ಒಳ್ಳೇದಕ್ಕೇ ಹೇಳಿದ್ರು ಪ್ರೂಫಕ್ಕ. ಓದಿದೋರು ನಾಯಕಿ ಅಂದ್ಕೊಳ್ಳಲ್ಲ, ನಿಮ್ಮನ್ನೇ ಅಂದ್ಕೊಳ್ತಾರೆ ಅಂದ್ರು. ನನಗೂ ಅಷ್ಟೇ ಅನ್ನಿಸ್ತು. ಈ ಪ್ರೆಸ್ಸಿನೋರಿಗೆಲ್ಲ ಗೊತ್ತಿರೋ ವಿಷಯ ಬೇರೆ... ನಮ್ಮ ಬೈಂಡರ್ರ ಹೆಸರೂ...” ಮುಂದಕ್ಕೆ ಹೋಗಲಾರದೆ ನಿಲ್ಲಿಸಿದ.

ಎಲ್ಲರಿಗೂ ಗೊತ್ತಿತ್ತು. ಅಷ್ಟು ವರ್ಷ ಅವಳು ಬೇರೆ ಬೇರೆ ಬೀದಿ ಸುತ್ತಿ ಹೋದದ್ದು, ಕೈಯಲ್ಲಿ ಸುಮ್ಮನೆ ಒಂದು ತರಕಾರಿ ಚೀಲ ಹಿಡಿದದ್ದು, ಆ ಚೀಲದಲ್ಲಿ ಏನಾದರೂ ಇರಲಿ ಎಂದು ಬೇಡದ ಬದನೆಕಾಯಿ ಕೊಂಡದ್ದು, ಎಲ್ಲ ನೆನಪಾಗಿ ಮೈಯೆಲ್ಲ ನಾಚಿಕೆಯಿಂದ ಬಿಸಿಯಾಯಿತು. ಬಚ್ಚಿಟ್ಟದ್ದು ಯಾರಿಂದ ಹಾಗಾದರೆ? ಊರೇ ಕಣ್ಣುಬಿಟ್ಟು ನೋಡುವಾಗ ತಾನೊಬ್ಬಳೇ ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಬೆಕ್ಕು. ಆ ನಾಚಿಕೆ ಎಷ್ಟು ಹೊತ್ತು ಇತ್ತೋ. ಹೊರಗೆ ಯಂತ್ರವೊಂದು ಹಾಳೆ ಎಳೆದುಕೊಳ್ಳುವ ಸದ್ದು, ಬಿಟ್ಟು ಬಿಟ್ಟು. ಅದು ತಗ್ಗಿದಾಗ ಅದರ ಕೆಳಗೆ ಬೇರೇನೋ ಗಟ್ಟಿಯಾಗಿ ಕೂತಿತ್ತು. ತಿಳಿದಿದೆಯೆಂದ ಮೇಲೆ ಇನ್ನು ತಿಳಿಯುವುದೇನು? ಕಳೆದುಕೊಳ್ಳಲು ಉಳಿದಿದ್ದದ್ದು ಆ ಆರು ಪುಟ ಮಾತ್ರ, ಅದನ್ನೂ ಇವರೇ ಕೇಳುತ್ತಿದ್ದಾರೆ.

“ಮದುವೆ ಅಧ್ಯಾಯ ಎಷ್ಟು ಪುಟ?” ಎಂದಳು.

“ಹತ್ತು” ಎಂದಳು ಡಿಟಿಪಿಯಾಕೆ. “ಕೊನೇದು.”

“ಅದನ್ನ ತೆಗಿ.”

“ಪ್ರೂಫಕ್ಕ!” ಚಿಕ್ಕ ಯಜಮಾನ ಎದ್ದೇಬಿಟ್ಟ. “ಏನು ಮಾತಾಡ್ತೀರಿ? ನಿಮ್ಮ ಕಾದಂಬರಿ ಕೊಳ್ಳೋದೇ ಆ ಮದುವೆಗೆ. ಮದುವೆ ಇಲ್ಲದ ಪುಸ್ತಕ ನಾನು ಯಾವ ಅಂಗಡಿಗೆ ಕೊಡಲಿ?”

“ಇಷ್ಟು ಮದುವೆ ಮಾಡಿಸಿದೀನಲ್ಲ, ಒಂದು ತಪ್ಪಿದ್ರೆ ಆಕಾಶ ಕಳಚಿ ಬೀಳಲ್ಲ. ನಿಮ್ಮಪ್ಪ ನನಗೆ ಮದುವೆ ಬರೆಯೋಕೆ ಹೇಳಿದ್ದು ಪುಟ ತುಂಬಿಸೋಕೆ. ತುಂಬಿಸಿದೆ. ಈಗ ಸಾಕು.”

“ಹಾಕೋದಿಲ್ಲ ಅಂದ್ರೆ?”

“ಹಾಕಬೇಡ. ಅಚ್ಚು ಹಾಕೋನು ನೀನೊಬ್ಬನೇನಾ? ಬೇರೆ ಪ್ರೆಸ್ಸಿಗೆ ಕೊಡ್ತೀನಿ. ಅವರು ಮೊದಲು ಕೇಳೋದು ಅಲ್ಲಿ ಯಾಕೆ ಬಿಟ್ರಿ ಅಂತ. ಹೇಳ್ತೀನಿ. ನನ್ನ ಮಧ್ಯಾಹ್ನ ಓದಿ ಅವನ ಕಿವಿ ಕೆಂಪಾಯ್ತು ಅಂತ.”

ಡಿಟಿಪಿಯಾಕೆಗೆ ತಡೆಯಲಾಗಲಿಲ್ಲ, ಕೆಮ್ಮಿನಂತೆ ಶುರುವಾದ ನಗು ಮೇಜಿನ ಮೇಲೆ ತಲೆಯಿಡುವ ತನಕ ಹೋಯಿತು. “ನೀನ್ಯಾಕಮ್ಮ ನಗ್ತೀಯ?” ಎಂದು ಗದರಿದ ಅವನು, ಆದರೆ ಗದರಿಕೆಯಲ್ಲಿ ಜೀವವಿರಲಿಲ್ಲ. ಕೂತುಕೊಂಡ. ಮುಖ ಉಜ್ಜಿಕೊಂಡ. ಆಮೇಲೆ ಅವನ ಬಾಯಿಂದ ಬಂದದ್ದು ಮುದ್ರಕನ ಮಾತು: “ಹತ್ತು ಪುಟ ಖಾಲಿ ಬೀಳುತ್ತಲ್ಲ ಮತ್ತೆ.”

“ಒಂದು ಕಟ್ಟು ಹಾಳೆ ಕೊಡು.”

ಹಿಂದೆ ಒಂದು ಬದಿ ಅಚ್ಚಾಗಿ ಕೆಟ್ಟುಹೋದ ಹಾಳೆಗಳನ್ನು ಡಿಟಿಪಿಯಾಕೆ ತಂದಿಟ್ಟಳು. ಅವಳು ಮೇಜಿನ ಮೂಲೆಯಲ್ಲಿ ಮೊಣಕೈಗೆ ಜಾಗ ಮಾಡಿಕೊಂಡಳು. ಆರಕ್ಕೆ ಹತ್ತು ಸೇರಿದರೆ ಇಡೀ ಒಂದು ಫಾರಂ ಮಧ್ಯಾಹ್ನ. ಮೊದಲು ಇದ್ದದ್ದನ್ನು ಓದಿದಳು. ಎರಡನೇ ಪುಟದಲ್ಲೇ ಕಣ್ಣು ನಿಂತಿತು: *ಅವನು ಹಿತ್ತಲ ಬಾಗಿಲಿನಿಂದ ಹೊರಟುಹೋದ.* ಎಷ್ಟು ಸಲ ಪ್ರೂಫು ನೋಡಿದರೂ ಅಲ್ಲಿ ತಪ್ಪು ಕಂಡಿರಲಿಲ್ಲ. ಅಕ್ಷರ ಸರಿಯಾಗಿತ್ತು. ಬೈಂಡರ ಮನೆಯಿಂದ ತಾನು ಹಾಗೇ ಹೊರಡುವುದರಿಂದ ಕೈ ತಾನಾಗಿ ಹಾಗೆ ಬರೆದಿತ್ತು. ಎದುರಿನ ಟೈಲರು ನೋಡುತ್ತಾನೆಂದು, ಬಚ್ಚಲ ನೀರು ಹರಿಯುವ ಓಣಿಯಲ್ಲಿ ಬಟ್ಟೆ ಎತ್ತಿಕೊಂಡು ನಡೆಯುವ ಆ ಹತ್ತು ಹೆಜ್ಜೆ. ತನ್ನ ಅತ್ಯಂತ ನಿಜವಾದ ಪುಟದಲ್ಲೂ ಅಣ್ಣ ಬಂದು ಹಿತ್ತಲಲ್ಲಿ ನಿಂತಿದ್ದ. ಅವಳು ಹಿತ್ತಲ ಬಾಗಿಲಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಮುಂಬಾಗಿಲು ಎಂದು ಬರೆದಳು. ಬರೆದ ಕೂಡಲೇ ತೊಂದರೆ ಶುರುವಾಯಿತು. ಮುಂಬಾಗಿಲಿನಿಂದ ಹೊರಡುವವನು ಅಷ್ಟು ಬೇಗ ಹೋಗಲಾರ. ಮೆಟ್ಟಿಲ ಮೇಲೆ ಚಪ್ಪಲಿ ಇದೆ. ಬಗ್ಗಬೇಕು. ಅವನ ಮಂಡಿ ಬಗ್ಗುವುದಿಲ್ಲ. ಹಾಗೆ ಬರೆದಾಗ ನಾಯಕ ಒಮ್ಮೆಲೇ ಕುಳ್ಳಗಾದ, ಬೋಳುತಲೆಯಾದ, ಅವಳು ತಡೆಯಲಿಲ್ಲ.

“ಪ್ರೂಫಕ್ಕ, ಅಣ್ಣನ ಫೋನು” ಎಂದ ಚಿಕ್ಕ ಯಜಮಾನ, ಫೋನನ್ನು ಅಂಗೈಯಿಂದ ಮುಚ್ಚಿ ಹಿಡಿದು. “ಏನು ಹೇಳಲಿ?”

“ಮಧ್ಯಾಹ್ನ ಹತ್ತು ಪುಟ ಹೆಚ್ಚಾಯ್ತು ಅಂತ ಹೇಳು.”

ಅವಳು ತಲೆ ಎತ್ತಲಿಲ್ಲ. ಕತೆಯ ಬೀದಿಯಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ನಾಯಕಿ ಅವನ ಒಂದು ತೋಳು ಹಿಡಿದಿದ್ದಳು; ಅವನು ಇನ್ನೊಂದು ಕೈಯಲ್ಲಿ ಗೋಡೆ ತಡವುತ್ತ, ಕಾಲಿನಿಂದ ಚಪ್ಪಲಿಯನ್ನು ಎಳೆದುಕೊಳ್ಳುತ್ತ, ಬಯ್ಯುತ್ತಿದ್ದ. ಎದುರು ಮನೆಯಾಕೆ ಒದ್ದೆ ಬಟ್ಟೆ ಹರವುವುದನ್ನು ಬಿಟ್ಟು ನಿಂತು ನೋಡುತ್ತಿದ್ದಳು. ನಾಯಕಿ ಬಾಗಿಲು ಎಳೆದುಕೊಳ್ಳಲಿಲ್ಲ. “ನೋಡ್ತಾ ನಿಂತಿದ್ದೀರಲ್ರೀ” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು, “ಬನ್ನಿ, ಆ ಕಡೆ ತೋಳು ಹಿಡ್ಕೊಳ್ಳಿ. ಇವರಿಗೆ ಮಂಡಿ ನೋವು.” ಎದುರು ಮನೆಯಾಕೆ ಬರುತ್ತಾಳೋ, ಬಾಗಿಲು ಹಾಕಿಕೊಳ್ಳುತ್ತಾಳೋ ಬರೆಯುತ್ತಿದ್ದವಳಿಗೆ ಇನ್ನೂ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಇನ್ನೂ ಎಂಟು ಪುಟ ಇತ್ತು.